ಧ್ರುವವೊ, ಮಂಡಲವೊ?

'ಬಹುಧ್ರುವೀಯ ಜಗತ್ತು' ಎಂಬ ಮಾತು ಈಚೆಗೆ ಪತ್ರಿಕೆಗಳಲ್ಲಿಯೂ ಭಾಷಣಗಳಲ್ಲಿಯೂ ರೂಢವಾಗಿದೆ. ಲೋಕದ ಅಧಿಕಾರವು ಒಂದೆರಡು ರಾಷ್ಟ್ರಗಳ ಕೈಯಲ್ಲಿ ಉಳಿಯದೆ ಹಲವೆಡೆ ಹಂಚಿಹೋಗುತ್ತಿದೆ ಎಂಬುದು ಅದರ ತಾತ್ಪರ್ಯ. ಭಾವವು ಸ್ಪಷ್ಟವೇ, ಶಬ್ದವು ಮಾತ್ರ ವಿಚಾರಾರ್ಹ. 'ಧ್ರುವ'ವೆಂದರೆ ನಿಶ್ಚಲವಾದುದು. ರಾಜ್ಯಶಕ್ತಿಯಾದರೋ ಎಂದೂ ಒಂದೆಡೆ ನಿಂತುದಲ್ಲ.

1945ರ ತರುವಾಯ ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳೆಂಬ ಎರಡು ಶಕ್ತಿಗಳು ಲೋಕವನ್ನು ಬಹುಮಟ್ಟಿಗೆ ಹಂಚಿಕೊಂಡವು. ಆ ಹಂಚಿಕೆಗೆ ಒಳಗಾಗಲೊಲ್ಲದ ರಾಷ್ಟ್ರಗಳು 1961ರಲ್ಲಿ ಬೆಲ್‌ಗ್ರೇಡ್ ನಗರದಲ್ಲಿ ಅಲಿಪ್ತ ಸಮ್ಮೇಳನವನ್ನು ನಡೆಸಿದವು. 1991ರಲ್ಲಿ ಸೋವಿಯತ್ ಒಕ್ಕೂಟವು ವಿಸರ್ಜಿತವಾದಾಗ, ಉಳಿದೊಂದು ಶಕ್ತಿಯೇ ಶಾಶ್ವತವೆಂದು ಹಲವರು ಬಗೆದರು. ಆದರೆ 2009ರಲ್ಲಿಯೇ ಬ್ರೆಜಿಲ್, ರಷ್ಯಾ, ಭಾರತ, ಚೀನಾಗಳ ನಾಯಕರು ತಮ್ಮ ಪ್ರಥಮ ಶೃಂಗಸಭೆಯಲ್ಲಿ ಕೂಡಿದರು. ದಕ್ಷಿಣ ಆಫ್ರಿಕ ಸೇರಿದ ಮೇಲೆ 'ಬ್ರಿಕ್ಸ್' ಎನಿಸಿದ ಆ ಕೂಟವು 2024ರಿಂದ ಇನ್ನೂ ವಿಸ್ತಾರವಾಗಿದೆ. ಅದೇ ಭಾರತವು ಅಮೆರಿಕ, ಜಪಾನ್, ಆಸ್ಟ್ರೇಲಿಯಗಳೊಡನೆ 'ಕ್ವಾಡ್' ಕೂಟದಲ್ಲಿಯೂ ಇದೆ. ಧ್ರುವದ ಕಲ್ಪನೆಗೆ ಇದು ನಿಲುಕದು.

ಮಂಡಲದ ಕಲ್ಪನೆಗೆ ನಿಲುಕುತ್ತದೆ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮುದ್ರಿಸಿ ಲೋಕಕ್ಕಿತ್ತ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಹನ್ನೆರಡು ರಾಜರ ಮಂಡಲದ ನಿರೂಪಣೆಯಿದೆ. ನಡುವೆ ವಿಜಿಗೀಷು, ಮುಂದೆ ಅರಿ, ಮಿತ್ರ, ಅರಿಮಿತ್ರ ಮೊದಲಾದವರು, ಹಿಂದೆ ಪಾರ್ಷ್ಣಿಗ್ರಾಹ, ಆಕ್ರಂದ ಮೊದಲಾದವರು, ಇವರಲ್ಲದೆ ಮಧ್ಯಮ ಮತ್ತು ಉದಾಸೀನ. ಇಲ್ಲಿ ಯಾರ ಹೆಸರೂ ಸ್ಥಿರವಲ್ಲ. ಪ್ರತಿಯೊಂದು ರಾಜ್ಯವೂ ತನ್ನ ಮಂಡಲಕ್ಕೆ ತಾನೇ ನಾಭಿ. ಒಬ್ಬನಿಗೆ ಮಿತ್ರನಾದವನು ಇನ್ನೊಬ್ಬನಿಗೆ ಅರಿ.

ಇವುಗಳಲ್ಲಿ 'ಉದಾಸೀನ' ಶಬ್ದವು ವಿಶೇಷವಾಗಿ ಮನನೀಯ. ಇಂದಿನ ಕನ್ನಡದಲ್ಲಿ ಅದಕ್ಕೆ ಅಸಡ್ಡೆ, ಅಲಕ್ಷ್ಯ ಎಂಬ ಅರ್ಥ ಬಂದಿದೆ. ಶಾಸ್ತ್ರದಲ್ಲಿ ಹಾಗಲ್ಲ. ಅರಿ, ವಿಜಿಗೀಷು, ಮಧ್ಯಮರಿಂದ ದೂರವಿದ್ದು, ಅವರಿಗಿಂತ ಬಲಿಷ್ಠನಾಗಿ, ಅವರನ್ನು ಅನುಗ್ರಹಿಸಲೂ ಬಿಡಿಬಿಡಿಯಾಗಿ ನಿಗ್ರಹಿಸಲೂ ಸಮರ್ಥನಾದವನೇ ಉದಾಸೀನ. 'ತಟಸ್ಥ'ನಾದರೋ ದಡದಲ್ಲಿ ನಿಂತವನು, 'ಅಲಿಪ್ತ'ನು ಅಂಟಿಸಿಕೊಳ್ಳದವನು. ಉಕ್ರೇನಿನ ಮೇಲೆ ನಡೆದ ರಷ್ಯಾದ ಆಕ್ರಮಣವನ್ನು ಕುರಿತು 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಮತದಾನವಾದಾಗ ಭಾರತವೂ ಸೇರಿ 35 ರಾಷ್ಟ್ರಗಳು ಯಾವ ಪಕ್ಷಕ್ಕೂ ಮತ ನೀಡಲಿಲ್ಲ. ಆ ಎಲ್ಲ ಮೌನಗಳಿಗೂ ಒಂದೇ ಹೆಸರು ಸಲ್ಲದು. ಬಲವಿದ್ದು ಸುಮ್ಮನಿರುವುದು ಬೇರೆ, ಬಲವಿಲ್ಲದೆ ಸುಮ್ಮನಿರುವುದು ಬೇರೆ.

ಆದರೆ ಮಂಡಲಕ್ಕೂ ಒಂದು ಕೊರತೆಯುಂಟು. ತನ್ನನ್ನು ತಾನು ಉಳಿಸಿಕೊಳ್ಳಲಾರದ ದುರ್ಬಲನಿಗೆ ಅದು ತೋರುವ ದಾರಿ ಬಲವಂತನ ಆಶ್ರಯವೊಂದೇ. 1945ರಲ್ಲಿ 51 ರಾಷ್ಟ್ರಗಳಿದ್ದ ವಿಶ್ವಸಂಸ್ಥೆಯಲ್ಲಿ ಇಂದು 193 ರಾಷ್ಟ್ರಗಳಿವೆ. ಭದ್ರತಾ ಮಂಡಳಿಯಲ್ಲಿ ನಿಷೇಧಾಧಿಕಾರವುಳ್ಳ ಸ್ಥಾನಗಳು ಮಾತ್ರ ಅಂದಿನಂತೆಯೇ ಐದು. ಒಂದು ದೊಡ್ಡ ಮೀನಿನ ಬದಲು ಐದಾರು ದೊಡ್ಡ ಮೀನುಗಳಾದರೆ ಸಣ್ಣ ಮೀನಿಗೆ ಬಂದ ಲಾಭವೇನು? ಕೇಂದ್ರಗಳು ಹಲವಾದ ಮಾತ್ರಕ್ಕೆ ಮತ್ಸ್ಯನ್ಯಾಯವು ಅಳಿಯದು; ಸಮತೆಯೂ ಬಾರದು.

ಆದುದರಿಂದ ಉಪಾಧ್ಯಾಯ ಬಂಧುಗಳು ಈ ಪಾಠವನ್ನು ಹೇಳುವಾಗ, ಯಾವ ರಾಷ್ಟ್ರ ಏರಿತು, ಯಾವುದು ಇಳಿಯಿತು ಎಂಬ ಲೆಕ್ಕದೊಡನೆ, ಏರಿದ ಬಲವು ಯಾರಿಗೆ ಆಸರೆಯಾಯಿತು ಎಂಬ ಪ್ರಶ್ನೆಯನ್ನೂ ಮಕ್ಕಳ ಮುಂದಿಡಬೇಕು. ಹುಟ್ಟಿನಿಂದಾಗಲಿ ಸಿರಿಯಿಂದಾಗಲಿ ಹಿರಿಮೆಯನ್ನೆಣಿಸದ ಶರಣರ ಪರಂಪರೆಯಲ್ಲಿ ಬೆಳೆದ ವಿದ್ಯಾಸಂಸ್ಥೆಗೆ ಈ ಪ್ರಶ್ನೆಯು ಹೊಸದಲ್ಲ.