ಬಜಿಗೂ ಒಂದು ಹೊತ್ತು

ಗದುಗಿನ ಒಂದು ಅಚ್ಚುಕೂಟದಲ್ಲಿ ಇಪ್ಪತ್ತೆಂಟು ವರ್ಷ ಪ್ರೂಫ್ ತಿದ್ದಿದವನು ನಾನು. ಪುಸ್ತಕ ಅಚ್ಚು ಹಾಕಿಸಲು ದೂರದೂರಿನ ಲೇಖಕರು ಗದುಗಿಗೆ ಬರುವುದು ಹಳೆಯ ರೂಢಿ. ಎರಡು ದಿನ ಇದ್ದು, ಕೊನೆಯ ಪ್ರೂಫ್ ನೋಡಿ, ಸಹಿ ಹಾಕಿ ಹೋಗುತ್ತಿದ್ದರು. ಹಗಲೆಲ್ಲ ಅವರ ಜೊತೆ ಒತ್ತಕ್ಷರ, ಮಹಾಪ್ರಾಣ, ಪುಟದ ಅಂಕಿ ನೋಡುವ ಕೆಲಸ. ಸಂಜೆ ಅವರನ್ನು ಪೇಟೆಗೆ ಕರೆದೊಯ್ದು ಏನಾದರೂ ತಿನ್ನಿಸುವುದೂ ನನ್ನ ಪಾಲಿಗೇ ಬರುತ್ತಿತ್ತು. ಹುಟ್ಟಿ ಬೆಳೆದದ್ದು ಬೆಟಗೇರಿಯಲ್ಲಿ, ಹಾಗಾಗಿ ತಿನಿಸಿನ ವಿಷಯದಲ್ಲಿ ನನಗೆ ಕಲಿಯುವುದೇನೂ ಇಲ್ಲ ಎಂದುಕೊಂಡಿದ್ದೆ. ಪರವೂರಿನವರಿಗೆ ನಮ್ಮ ಊರಿನ ತಿನಿಸು ತೋರಿಸುವುದು ಬೇರೆಯದೇ ವಿದ್ಯೆ. ಅದನ್ನು ನಾನು ಕಲಿತದ್ದು ಅವರಿಗೆ ತೊಂದರೆ ಕೊಟ್ಟ ಮೇಲೆ.

ಮೊದಲ ತಪ್ಪು ನಡೆದದ್ದು ಮೈಸೂರಿನ ಒಬ್ಬ ಹಿರಿಯ ಕವಿಗಳ ವಿಷಯದಲ್ಲಿ. ರೈಲಿಳಿದು ಬಂದಾಗ ಮಧ್ಯಾಹ್ನ ಎರಡೂವರೆ. "ನಿಮ್ಮ ಗದಗಿನ ಮಿರ್ಚಿ ಬಜಿ ತಿನ್ನಬೇಕು" ಎಂದರು. ಆ ಹೊತ್ತಿನಲ್ಲಿ ತೆರೆದಿದ್ದ ಒಂದು ಅಂಗಡಿಗೆ ಕರೆದುಕೊಂಡು ಹೋದೆ. ಬೆಳಿಗ್ಗೆ ಕರಿದು ಉಳಿದಿದ್ದ ಬಜಿಯನ್ನು ಮತ್ತೊಮ್ಮೆ ಎಣ್ಣೆಗೆ ಬಿಟ್ಟು ಬಿಸಿ ಮಾಡಿ ಕೊಟ್ಟರು. ಎಣ್ಣೆ ಕಪ್ಪಗಿತ್ತು, ಕಾದಾಗ ಮೇಲೆ ನೊರೆ ಕಟ್ಟುತ್ತಿತ್ತು. ನಾನು ನೋಡಿದೆ, ಆದರೂ ಸುಮ್ಮನಿದ್ದೆ. ರಾತ್ರಿಯಿಡೀ ಅವರಿಗೆ ಹೊಟ್ಟೆಯ ಸಂಕಟ. ಮರುದಿನ ಪ್ರೂಫ್ ನೋಡಲು ಆಗಲೇ ಇಲ್ಲ, ಪುಸ್ತಕ ಹದಿನೈದು ದಿನ ತಡವಾಯಿತು. ಅಂಗಡಿಯವರಿಗಿಂತ ನನ್ನ ತಪ್ಪೇ ದೊಡ್ಡದು. ಆ ಹೊತ್ತು ಬಜಿಯ ಹೊತ್ತಲ್ಲ ಎಂದು ಹೇಳಿ, ಅವರಿಗೆ ಖಾನಾವಳಿಯಲ್ಲಿ ಬಿಸಿ ರೊಟ್ಟಿ ಹಾಕಿಸಬೇಕಿತ್ತು.

ನಮ್ಮಲ್ಲಿ ಒಂದೊಂದು ತಿನಿಸಿಗೆ ಒಂದೊಂದು ಹೊತ್ತಿದೆ. ಒಳಗೇ ಇರುವವರಿಗೆ ಅದು ಕಾಣುವುದಿಲ್ಲ. ನನಗೆ ಅದು ಸ್ಪಷ್ಟವಾದದ್ದು ತಂಗಿಯ ಮಗನ ಮಾತಿನಿಂದ. ಅವನು ವಿಯೆಟ್ನಾಂಗೆ ಪ್ರವಾಸ ಹೋಗಿ ಬಂದಿದ್ದ. ಹನೋಯ್ ಬೀದಿಯಲ್ಲಿ ಗೇಣುದ್ದದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಬೆಳಿಗ್ಗೆ ಅಕ್ಕಿ ಶಾವಿಗೆಯ ಬಿಸಿ ಸಾರು ಕುಡಿದದ್ದನ್ನು ಹೇಳುತ್ತಿದ್ದ. ಅದಕ್ಕೆ 'ಫೋ' ಎನ್ನುತ್ತಾರಂತೆ. ಮಧ್ಯಾಹ್ನಕ್ಕೆ ಅಲ್ಲಿ ಬೇರೆ ಅಂಗಡಿ, ಬೇರೆ ತಿನಿಸು. "ಮಾಮಾ, ಅಲ್ಲಿ ಒಂದು ಅಂಗಡ್ಯಾಗ ಒಂದ ಪದಾರ್ಥ. ಅದು ತೀರಿದ್ರ ಬಾಗಲಾ ಹಾಕಿ ಹೋಗ್ತಾರ. ನಮ್ಮ ಗಿರಮಿಟ್ ಗಾಡಿನೂ ಹಂಗ ಅಲ್ಲೇನು?" ಎಂದ. ಹೌದಲ್ಲ ಅನ್ನಿಸಿತು. ಅವನು ಹೇಳುವವರೆಗೆ ನಮ್ಮ ಪೇಟೆಯನ್ನು ನಾನು ಹಾಗೆ ನೋಡಿರಲಿಲ್ಲ.

ಬಜಿಯ ಗಾಡಿಗಳು ಒಲೆ ಹೊತ್ತಿಸುವುದು ನಾಲ್ಕರ ಸುಮಾರಿಗೆ. ಐದರಿಂದ ಏಳರವರೆಗೆ ಜನ ಮುತ್ತುತ್ತಾರೆ. ಕರಿದದ್ದು ತಟ್ಟೆಯಲ್ಲಿ ಕೂರದೆ ಕೈಗೆ ಬರುವ ಹೊತ್ತು ಅದು. ಟಾಂಗಾಕೂಟ, ಮುಳಗುಂದ ನಾಕಾ, ಬೆಟಗೇರಿ ಬಸ್ ನಿಲ್ದಾಣ, ಎಲ್ಲಿ ನಿಂತರೂ ಎಣ್ಣೆಗೆ ಹಿಟ್ಟು ಬಿದ್ದ ಸಪ್ಪಳ ಕೇಳುತ್ತದೆ. ಯಾವ ಗಾಡಿ ಒಳ್ಳೆಯದು ಎಂದು ಅತಿಥಿಗಳು ಕೇಳುತ್ತಾರೆ. ನಾನು ಹೆಸರು ಹೇಳುವುದಿಲ್ಲ. ಕಡಾಯಿಯ ತಳ ಕಾಣುವಷ್ಟು ಎಣ್ಣೆ ತಿಳಿಯಾಗಿದೆಯೇ, ಬಜಿ ಬಿಟ್ಟಾಗ ಹೊಗೆ ಏಳದೆ ಗುಳ್ಳೆ ಏಳುತ್ತದೆಯೇ, ಇಷ್ಟನ್ನು ನೋಡಿ ಎನ್ನುತ್ತೇನೆ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಕೂಡಿಕೊಳ್ಳುವ ಹಾಳು ಅಂಶ ಶೇಕಡ 25ನ್ನು ಮೀರಿದರೆ ಆ ಎಣ್ಣೆಯನ್ನು ಅಡುಗೆಗೆ ಬಳಸಬಾರದು ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಿಂದ ನಿಯಮ ಮಾಡಿದೆ. ಗಾಡಿಯ ಮುಂದೆ ನಿಂತವರ ಬಳಿ ಅಳೆಯುವ ಯಂತ್ರ ಇರುವುದಿಲ್ಲ. ಕಣ್ಣು, ಮೂಗು ಇವೆ, ಅವು ಸಾಕು.

ಇನ್ನೊಂದು ಮಾತನ್ನು ಅಚ್ಚುಕೂಟದವನಾಗಿ ಹೇಳಬೇಕು. ಬಜಿಯನ್ನು ಸುದ್ದಿಪತ್ರಿಕೆಯಲ್ಲಿ ಕಟ್ಟಿಸಿಕೊಳ್ಳಬೇಡಿ. ಮಸಿ ನನ್ನ ಉಗುರ ಸಂದಿಯಲ್ಲಿ ವರ್ಷಗಟ್ಟಲೆ ಕೂತಿತ್ತು, ಸೀಮೆಎಣ್ಣೆ ಹಾಕಿ ತಿಕ್ಕಿದರೂ ಬೇಗ ಹೋಗುತ್ತಿರಲಿಲ್ಲ. ಬಿಸಿ ಎಣ್ಣೆ ತಾಗಿದರೆ ಅದೇ ಮಸಿ ಸಲೀಸಾಗಿ ತಿನಿಸಿಗೆ ಇಳಿಯುತ್ತದೆ. ಅಕ್ಷರದ ಗುರುತು ಬಜಿಯ ಬೆನ್ನ ಮೇಲೆ ಮೂಡಿದ್ದನ್ನು ಕಂಡಿದ್ದೇನೆ. ಪ್ರಾಧಿಕಾರ 2016ರಲ್ಲೇ ಇದರ ಬಗ್ಗೆ ಎಚ್ಚರಿಸಿತ್ತು, 2023ರಲ್ಲಿ ಮತ್ತೆ ಹೇಳಿತು. ನಾನು ಚೀಲದಲ್ಲಿ ಒಂದು ಸ್ಟೀಲ್ ಡಬ್ಬಿ ಇಟ್ಟುಕೊಂಡೇ ಹೋಗುತ್ತೇನೆ. "ಇದ್ರಾಗ ಹಾಕವ್ವಾ" ಎಂದರೆ ಯಾವ ಗಾಡಿಯವರೂ ಈವರೆಗೆ ಬೇಸರಪಟ್ಟಿಲ್ಲ.

ಮಿರ್ಚಿಯ ಖಾರಕ್ಕೆ ಹೆದರುವವರಿಗೆ ಬದನೀಕಾಯಿ ಬಜಿ ಕೊಡಿಸಬೇಕು. ತೆಳುವಾಗಿ ಹೆಚ್ಚಿದ ಬದನೀಕಾಯಿ ಕಡ್ಲಿಹಿಟ್ಟಿನ ಒಳಗೆ ಬೆಣ್ಣೆಯಂತೆ ಬೆಂದಿರುತ್ತದೆ. ನನಗೆ ಮಿರ್ಚಿಗಿಂತ ಅದೇ ಹೆಚ್ಚು ಇಷ್ಟ. ನಮ್ಮ ಎರೆಹೊಲಗಳಲ್ಲಿ ಹಿಂಗಾರಿಗೆ ಬೆಳೆಯುವ ಕಡಲೆ ನೆನಪಾಗುವುದು ಅದನ್ನು ತಿನ್ನುವಾಗಲೇ. ಮಿರ್ಚಿಯನ್ನೇ ತಿನ್ನುತ್ತೇನೆ ಎನ್ನುವವರಿಗೆ ಗಾಡಿಯ ಅಜ್ಜ ಒಬ್ಬರು ಹೇಳಿಕೊಟ್ಟದ್ದನ್ನು ದಾಟಿಸುತ್ತೇನೆ: "ತುದೀ ಕಡಿಂದ ಸುರು ಮಾಡ್ರಿ ಸಾಹೇಬ್ರ, ತೊಟ್ಟಿನ ಕಡೆ ಖಾರ ಭಾಳ." ಅಜ್ಜನ ಮಾತು ನಿಜ. ಮೆಣಸಿನಕಾಯಿಯ ಖಾರವಿರುವುದು ಬೀಜ ಅಂಟಿಕೊಂಡ ಒಳಗಿನ ಬಿಳಿ ತಿರುಳಿನಲ್ಲಿ, ಅದು ತೊಟ್ಟಿನ ಬಳಿಯೇ ದಟ್ಟ. ಬಾಯಿ ಉರಿದಾಗ ನೀರು ಕುಡಿದರೆ ಉರಿ ಇನ್ನಷ್ಟು ಹರಡುತ್ತದೆ, ಏಕೆಂದರೆ ಆ ಖಾರ ನೀರಿನಲ್ಲಿ ಕರಗುವುದಿಲ್ಲ. ಮೊಸರು, ಹಾಲು ಕೆಲಸ ಮಾಡುತ್ತವೆ. ನಡುನಡುವೆ ಒಂದು ಹಿಡಿ ಚುರಮುರಿ, ಅಂದರೆ ಮಂಡಕ್ಕಿ, ತಿಂದರೂ ಆಗುತ್ತದೆ. ಮಿರ್ಚಿಯ ಪಕ್ಕದಲ್ಲಿ ಚುರಮುರಿ ಇರುವುದು ಸುಮ್ಮನೆ ಅಲ್ಲ.

ಈಗ ಗಿರಮಿಟ್. ಹೊರಗಿನವರು ಇದನ್ನು ಮಂಡಕ್ಕಿಯ ಚಾಟ್ ಎಂದು ತಿಳಿಯುತ್ತಾರೆ. ಇದರ ಜೀವ ಇರುವುದು ಮಸಾಲೆಯಲ್ಲಿ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಶಿನವನ್ನು ಎಣ್ಣೆಯಲ್ಲಿ ಬಾಡಿಸಿ, ಹುಣಸೇರಸ ಮತ್ತು ಬೆಲ್ಲ ಹಾಕಿ, ಎಣ್ಣೆ ಬಿಟ್ಟುಕೊಳ್ಳುವವರೆಗೆ ಕುದಿಸಿದ ಗೊಜ್ಜು ಅದು. ಗಿರಾಕಿ ಬಂದ ಮೇಲೆಯೇ ಪಾತ್ರೆಗೆ ಚುರಮುರಿ ಬೀಳುತ್ತದೆ. ಅದರ ಮೇಲೆ ಎರಡು ಚಮಚ ಗೊಜ್ಜು, ಪುಠಾಣಿ ಹಿಟ್ಟು, ಹೆಚ್ಚಿದ ಉಳ್ಳಾಗಡ್ಡಿ, ಟೊಮೆಟೊ, ಕೊತ್ತಂಬರಿ, ಕೊನೆಗೆ ಶೇವು. ಪುಠಾಣಿ ಹಿಟ್ಟು ಗೊಜ್ಜಿನ ತೇವವನ್ನು ಹೀರಿ ಚುರಮುರಿಯನ್ನು ಕಾಯುತ್ತದೆ. ಆದರೆ ಅದು ಕಾಯುವುದು ನಾಲ್ಕೈದು ನಿಮಿಷ ಮಾತ್ರ. ಬೆಂಗಳೂರಿನ ಒಬ್ಬ ಲೇಖಕಿ ಪ್ಲೇಟು ಹಿಡಿದುಕೊಂಡು ಫೋನಿನಲ್ಲಿ ಮಾತಾಡುತ್ತ ನಿಂತಾಗ ಗಾಡಿಯ ಹೆಣ್ಣುಮಗಳಿಗೆ ತಡೆಯಲಾಗಲಿಲ್ಲ. "ಯಕ್ಕಾ, ಮೊದ್ಲ ತಿನ್ರಿ. ಆಮ್ಯಾಲ ಅದು ಮೆತ್ತಗಾದ್ರ ನನಗ ಕೆಟ್ಟ ಹೆಸರು" ಎಂದಳು. ತನ್ನ ಕೈಯ ಪದಾರ್ಥದ ಮೇಲೆ ಅಷ್ಟು ಕಾಳಜಿ ಇರುವವಳನ್ನು ಕಂಡರೆ ನನಗೆ ಗೌರವ. ಕೊನೆಯ ಕರಡಿನಲ್ಲಿ ಒಂದು ಅಕ್ಷರ ತಪ್ಪಿ ಉಳಿದರೆ ನನಗೂ ಹಾಗೇ ಆಗುತ್ತಿತ್ತು.

ಇದೇ ಚುರಮುರಿ ಮುಂಡರಗಿಗೆ ಹೋದರೆ ಬೇರೆ ರೂಪ ತಾಳುತ್ತದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಇಳಿದರೆ, ನೀರಲ್ಲಿ ತೋಯಿಸಿ ಹಿಂಡಿದ ಚುರಮುರಿಗೆ ಒಗ್ಗರಣೆ ಕೊಟ್ಟು, ಪಕ್ಕದಲ್ಲಿ ಬಿಸಿ ಮಿರ್ಚಿ ಇಟ್ಟು ಕೊಡುತ್ತಾರೆ. ಒಗ್ಗರಣಿ-ಮಿರ್ಚಿ ಕೊಪ್ಪಳ, ರಾಯಚೂರು ಕಡೆಯ ಬೆಳಗಿನ ನಾಷ್ಟಾ. ಮುಂಡರಗಿ ಆ ಸೀಮೆಯ ಅಂಚಿನಲ್ಲಿದೆ. ಗದುಗಿನಲ್ಲಿ ಸಂಜೆಗೆ ಗರಿಗರಿಯಾಗಿ ತಿಂದದ್ದನ್ನು ಇಲ್ಲಿ ಮುಂಜಾನೆ ಮೆತ್ತಗೆ ತಿನ್ನುವಾಗ ಸೀಮೆ ಬದಲಾದದ್ದು ನಾಲಿಗೆಗೆ ಗೊತ್ತಾಗುತ್ತದೆ. ಹತ್ತು ಗಂಟೆ ದಾಟಿದ ಮೇಲೆ ಹೋದರೆ ಪಾತ್ರೆಯ ತಳ ಮಾತ್ರ ಸಿಗುತ್ತದೆ. ಎರಡು ಸಲ ತಡವಾಗಿ ಹೋಗಿ ಇದನ್ನು ಕಲಿತೆ.

ದಾರಿಯಲ್ಲಿ ಡಂಬಳ ಸಿಗುತ್ತದೆ. ದೊಡ್ಡಬಸಪ್ಪನ ಗುಡಿಯ ನಕ್ಷತ್ರದಾಕಾರದ ಗೋಡೆ ನೋಡಲು ಬರುವವರು ತೋಂಟದಾರ್ಯ ಮಠದ ಜಾತ್ರೆಯ ಹೊತ್ತಿಗೆ ಬಂದರೆ ರೊಟ್ಟಿ ಜಾತ್ರೆಯನ್ನೂ ಕಾಣಬಹುದು. ಮನೆಮನೆಯಲ್ಲಿ ಬಡಿದ ಜೋಳದ ರೊಟ್ಟಿ ಮಠಕ್ಕೆ ಬರುತ್ತದೆ. ಎಲ್ಲ ಜಾತಿಯವರೂ ಒಟ್ಟಿಗೆ ಕೂತು ಕರಿಂಡಿ ಹಚ್ಚಿಕೊಂಡು ಉಣ್ಣುತ್ತಾರೆ. ಕರಿಂಡಿಯನ್ನು ಮೊದಲ ಸಲ ತಿನ್ನುವವರಿಗೆ ಅದರ ಹುಳಿವಾಸನೆ ವಿಚಿತ್ರ ಅನ್ನಿಸೀತು. ಅಗಸಿ, ಹಸಿಮೆಣಸಿನಕಾಯಿ, ತರಕಾರಿ ಕೂಡಿಸಿ ಹುಳಿ ಬರಿಸಿದ್ದು ಅದು. ಎರಡನೆಯ ತುತ್ತಿನಿಂದ ರುಚಿ ಹತ್ತುತ್ತದೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಲಕ್ಷ್ಮೇಶ್ವರಕ್ಕೆ ಲೇಖಕರನ್ನು ಕರೆದೊಯ್ಯುವುದು ನನಗೆ ವಿಶೇಷ ಸಂತೋಷದ ಕೆಲಸ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳಿರುವ ನಾಡಿನ ಊರುಗಳಲ್ಲಿ ಒಂದಾಗಿ ಹೆಸರಿಸುವ ಪುಲಿಗೆರೆ ಇದೇ. ಸೋಮೇಶ್ವರ ಗುಡಿ, ಶಂಖಬಸದಿ, ಆದಿಲಶಾಹಿ ಕಾಲದ ಮಸೀದಿ ಒಂದೇ ಪೇಟೆಯ ಸುತ್ತಳತೆಯಲ್ಲಿವೆ. ಅಲ್ಲಿ ತಿನ್ನಲು ಅವಸರ ಬೇಡ. ಬಿಸಿಲು ಇಳಿಯುವವರೆಗೆ ಗುಡಿ ನೋಡಿ, ಆಮೇಲೆ ಬಜಾರಿನಲ್ಲಿ ಬಜಿ, ಚಹಾ. ಶಿರಹಟ್ಟಿ ಹತ್ತಿರವೇ. ಹಿಂದೂ-ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಫಕ್ಕೀರೇಶ್ವರ ಮಠಕ್ಕೆ ಹೋದವರು ಅಲ್ಲಿಯ ದಾಸೋಹದಲ್ಲಿ ಕೂತು ಉಣ್ಣಲಿ, ಬೀದಿಯ ತಿನಿಸು ಆ ದಿನ ಬೇಡ.

ಬೆಟಗೇರಿಯ ಸಾವಜಿ ಖಾನಾವಳಿಗಳ ಬಗ್ಗೆ ನಾನು ಹೆಚ್ಚು ಬರೆಯಲಾರೆ, ಮಾಂಸ ತಿನ್ನುವವನಲ್ಲ. ನೇಕಾರಿಕೆಯ ಎಸ್‌ಎಸ್‌ಕೆ (ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ) ಸಮಾಜದ ಅಡುಗೆ ಅದು. ಕರೆದೊಯ್ದ ಅತಿಥಿಗಳು ಬೆವರು ಒರೆಸಿಕೊಳ್ಳುತ್ತ ಇನ್ನೊಂದು ಬಟ್ಟಲು ಕೇಳಿದ್ದನ್ನು ನೋಡಿದ್ದೇನೆ.

ಬರೆಯಲೇಬೇಕಾದ ಇನ್ನೊಂದು ಘಟನೆ ಇದೆ. ಧಾರವಾಡದಿಂದ ಬಂದ ಲೇಖಕರೊಬ್ಬರ ಜೊತೆ ಆರು ವರ್ಷದ ಮಗಳಿದ್ದಳು. ವೀರನಾರಾಯಣ ಗುಡಿಯಲ್ಲಿ, ಕುಮಾರವ್ಯಾಸ ಒರಗಿ ಕೂತು ಭಾರತ ಬರೆದನೆಂದು ಹೇಳುವ ಕಂಬವನ್ನು ತೋರಿಸಿ ಹೊರಗೆ ಬಂದೆವು. ಮಗುವಿಗೆ ಖಾರವಿಲ್ಲದ ಗಿರಮಿಟ್ ಮಾಡಿಸಿದೆ. ಮೇಲೆ ನಾಲ್ಕು ಹುರಿದ ಶೇಂಗಾಕಾಳು ಬಿದ್ದಿದ್ದವು. ಎರಡು ತುತ್ತು ತಿನ್ನುವಷ್ಟರಲ್ಲಿ ತುಟಿ ಊದಿತು, ಮೈಮೇಲೆ ದದ್ದು ಎದ್ದವು, ಉಸಿರು ಕಟ್ಟತೊಡಗಿತು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ಇಂಜೆಕ್ಷನ್ ಕೊಟ್ಟ ಮೇಲೆ ಉಸಿರು ಸಲೀಸಾಯಿತು. ಶೇಂಗಾ ಅವಳ ಮೈಗೆ ಒಗ್ಗುವುದಿಲ್ಲ ಎಂದು ಮನೆಯವರಿಗೂ ಗೊತ್ತಾದದ್ದು ಅಂದೇ.

ಆ ರಾತ್ರಿ ಮಲಗಿ ಎಣಿಸಿದೆ. ನಮ್ಮ ಚಟ್ನಿಪುಡಿಯಲ್ಲಿ ಶೇಂಗಾ, ಪಲ್ಲೆಯ ಮೇಲೆ ಶೇಂಗಾಪುಡಿ, ಹೋಳಿಗೆಯಲ್ಲಿ ಶೇಂಗಾ, ಉಂಡಿಯಲ್ಲಿ ಶೇಂಗಾ, ಕೆಲವು ಕಡಾಯಿಗಳಲ್ಲಿ ಶೇಂಗಾ ಎಣ್ಣೆ. ಇದು ಶೇಂಗಾ ಬೆಳೆಯುವ ನಾಡು, ನಾವು ಅದನ್ನು ಉಪ್ಪಿನಂತೆ ಬಳಸುತ್ತೇವೆ. ಉಪ್ಪು ಹಾಕಿದ್ದೀರಾ ಎಂದು ಯಾರೂ ಕೇಳುವುದಿಲ್ಲವಲ್ಲ, ಹಾಗೆ. ಅಂದಿನಿಂದ ಅತಿಥಿಗಳನ್ನು ಪೇಟೆಗೆ ಹೊರಡಿಸುವ ಮೊದಲೇ ಕೇಳುತ್ತೇನೆ: ಶೇಂಗಾ ಒಗ್ಗುತ್ತದೆಯೇ, ಎಳ್ಳು ಒಗ್ಗುತ್ತದೆಯೇ. ಒಗ್ಗದವರಿದ್ದರೆ ಗಾಡಿಯ ತಿನಿಸು ಬೇಡವೇ ಬೇಡ. ಕಾಳು ತೆಗೆದು ಕೊಟ್ಟರೆ ಸಾಲದು, ಒಂದೇ ಪಾತ್ರೆ ಮತ್ತು ಒಂದೇ ಚಮಚದಲ್ಲಿ ಎಲ್ಲವೂ ಕಲಸಿರುತ್ತದೆ. ಗಾಡಿಯವರನ್ನು ಕೇಳಿದರೆ ಅವರೂ ನೇರವಾಗಿ ಹೇಳುತ್ತಾರೆ, "ಇಲ್ರೀ, ಕೂಸಿಗೆ ಕೊಡಬ್ಯಾಡ್ರಿ" ಎಂದು.

ಆ ಹುಡುಗಿ ಈಗ ಕಾಲೇಜು ಓದುತ್ತಾಳೆ. ಕಳೆದ ಚಳಿಗಾಲದಲ್ಲಿ ತಂದೆಯ ಹೊಸ ಪುಸ್ತಕದ ಕೆಲಸಕ್ಕೆ ಜೊತೆಗೆ ಬಂದಿದ್ದಳು. ಜೋಳದ ತೆನೆಗೆ ಹಾಲು ತುಂಬಿ ಕಾಳು ಕಟ್ಟುವ ಕಾಲ ಅದು. ಮುಂಡರಗಿ ರಸ್ತೆಯ ಪಕ್ಕದ ಹೊಲವೊಂದರಲ್ಲಿ ಪರಿಚಯದ ರೈತರು ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು ಸೀತನಿ ಬಡಿಯುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವಳೇ ಕೇಳಿದಳು: "ಕಾಕಾ, ಇದ್ರಾಗ ಶೇಂಗಾ ಚಟ್ನಿ ಕಲಸೀರೇನ್ರಿ?"

"ಇಲ್ಲವ್ವಾ, ಇನ್ನೂ ಕಲಸಿಲ್ಲ" ಎಂದರು ಅವರು. ಚಟ್ನಿಯ ಡಬ್ಬಿಯನ್ನು ದೂರದ ಬದುವಿನ ಮೇಲೆ ಇಟ್ಟು ಬಂದು, ಕೈ ತೊಳೆದುಕೊಂಡು, ಹೊಸ ತೆನೆಗಳನ್ನು ಬೇರೆ ಗೋಣಿಯ ಮೇಲೆ ಬಡಿದರು. ಹಸಿರು ಕಾಳು ಬಿಸಿಬಿಸಿಯಾಗಿ ಅವಳ ಬೊಗಸೆಗೆ ಬಿತ್ತು. ಜೊತೆಗೆ ಒಂದು ತುಂಡು ಬೆಲ್ಲ ಕೊಟ್ಟರು. ಅವಳು ಬದುವಿನ ಮೇಲೆ ಕೂತು ತಿಂದಳು, ಮತ್ತೊಮ್ಮೆ ಬೊಗಸೆ ಒಡ್ಡಿದಳು.