ಟ್ಯಾಂಕಿನ ಮುಚ್ಚಳ ತೆಗೆದು ನೋಡಿ

ಕೊಡಗಿನ ನಾಪೋಕ್ಲಿನಿಂದ ಮೂರ್ನಾಡಿಗೆ ಹೋಗುವ ದಾರಿಯಲ್ಲಿ ನನ್ನ ಯೆಜ್ಡಿ ಬೈಕ್ ಎಲ್ಲೆಲ್ಲಿ ನಿಲ್ಲುತ್ತಿತ್ತು ಎನ್ನುವುದು ನನಗೆ ಈಗಲೂ ಬಾಯಿಪಾಠ. ಮನೆಯಿಂದ ಹೊರಟು ನಾಲ್ಕೈದು ಕಿಲೋಮೀಟರ್ ಚೆನ್ನಾಗಿಯೇ ಓಡುತ್ತಿತ್ತು. ಆಮೇಲೆ ಎಕ್ಸಲೇಟರ್ ಎಷ್ಟು ತಿರುವಿದರೂ ಎಳೆಯುತ್ತಿರಲಿಲ್ಲ. ಮುಕ್ಕರಿಸಿ ಮುಕ್ಕರಿಸಿ ನಿಂತೇಬಿಡುತ್ತಿತ್ತು. ಬದಿಗೆ ಹಾಕಿ ಹತ್ತು ನಿಮಿಷ ಬಿಟ್ಟು ಕಿಕ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್. ಮತ್ತೆ ನಾಲ್ಕು ಕಿಲೋಮೀಟರ್. 2022ರ ಮಳೆಗಾಲ ಪೂರ್ತಿ ಹೀಗೇ ಕಳೆಯಿತು.

ಅದು ಅಪ್ಪನ ಗಾಡಿ. ಕಾಫಿ ತೋಟದಲ್ಲಿ ರೈಟರ್ ಆಗಿದ್ದ ಅಪ್ಪ 1983ರಲ್ಲಿ ಮೈಸೂರಿಗೆ ಹೋಗಿ ತಂದದ್ದು. ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಶುರುವಾದ ಐಡಿಯಲ್ ಜಾವಾ ಕಾರ್ಖಾನೆಯ ಬೈಕುಗಳು ಆ ಕಾಲಕ್ಕೆ ನಮ್ಮ ಗುಡ್ಡದ ರಸ್ತೆಗಳಲ್ಲಿ ಎಲ್ಲೆಲ್ಲೂ ಇದ್ದವು. ಜೆಕೊಸ್ಲೊವಾಕಿಯಾದ ವಿನ್ಯಾಸ, ಮೈಸೂರಿನವರ ಕೈಕೆಲಸ. 1973ರಿಂದ ಜಾವಾ ಹೋಗಿ ಯೆಜ್ಡಿ ಎಂಬ ಹೆಸರು ಬಂತು, 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಜಾವಾ ಹೆಸರಿನಲ್ಲಿ 2018ರಲ್ಲಿ, ಯೆಜ್ಡಿ ಹೆಸರಿನಲ್ಲಿ 2022ರಲ್ಲಿ ಹೊಸ ಗಾಡಿಗಳು ಬಂದವಾದರೂ ಅವುಗಳಲ್ಲಿ ಕಾರ್ಬುರೇಟರ್ ಇಲ್ಲ. ಹಾಗಾಗಿ ನಮ್ಮಂಥವರ ಗಾಡಿ ಕೆಟ್ಟರೆ ನಾವೇ ಕೂತು ಅರ್ಥ ಮಾಡಿಕೊಳ್ಳಬೇಕು.

ನಾನು ಮಾಡಿದ್ದೇನೆಂದರೆ, ಗಾಡಿ ನಿಂತ ಮರುದಿನವೇ ಕಾರ್ಬುರೇಟರ್ ಬಿಚ್ಚಿದೆ. ಬೈಕ್ ನಿಂತರೆ ಕಾರ್ಬುರೇಟರ್ ಕ್ಲೀನ್ ಮಾಡಿಸಿ ಎನ್ನುವುದು ಎಲ್ಲರ ಬಾಯಲ್ಲೂ ಬರುವ ಮೊದಲ ಮಾತು, ನಾನೂ ಅದನ್ನೇ ನಂಬಿದ್ದೆ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಏಳು ಸಲ ಬಿಚ್ಚಿ ಜೋಡಿಸಿದೆ. ಮೇನ್ ಜೆಟ್ಟಿನ ತೂತು ಕಟ್ಟಿದೆಯೆಂದುಕೊಂಡು ಹೊಲಿಗೆ ಸೂಜಿ ಹಾಕಿ ತಿರುವಿದೆ. ಜೆಟ್ ಹಿತ್ತಾಳೆಯದು, ಸೂಜಿ ಉಕ್ಕಿನದು. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಎಂಜಿನ್ನಿಗೆ ಹೋಗುವ ಪೆಟ್ರೋಲ್ ಹೆಚ್ಚುತ್ತದೆ. ಗಾಡಿ ನಿಲ್ಲುವುದಂತೂ ತಪ್ಪಲಿಲ್ಲ, ಅದರ ಮೇಲೆ ಪ್ಲಗ್ ಮಸಿ ಹಿಡಿಯಲು ಶುರುವಾಯಿತು. ಇದ್ದ ಒಂದು ದೋಷ ನನ್ನ ಕೈಯಿಂದಲೇ ಎರಡಾಯಿತು. ಈಗ ಜೆಟ್ಟಿಗೆ ಗಾಳದ ನೈಲಾನ್ ದಾರ, ಇಲ್ಲವೇ ಸೈಕಲ್ ಪಂಪಿನ ಗಾಳಿ, ಅಷ್ಟೇ. ಲೋಹದ್ದು ಯಾವುದನ್ನೂ ಅದರ ಹತ್ತಿರ ತರುವುದಿಲ್ಲ.

ಕೊನೆಗೆ ಪೇಟೆಯ ಒಬ್ಬ ಮೆಕ್ಯಾನಿಕ್ "ಈ ಕಾರ್ಬುರೇಟರಲ್ಲಿ ಜೀವ ಇಲ್ಲ, ಬೇರೆ ಹಾಕಿ" ಅಂದರು. ಬೇರೆ ಬೈಕಿನದೊಂದನ್ನು ಕೂರಿಸಿದರು. ಆ ಕಾರ್ಬುರೇಟರ್ ಹಾಕಿಕೊಂಡು ಹೊರಟ ಗಾಡಿ ಮೂರ್ನಾಡಿನ ಹತ್ತಿರ, ಮೊದಲು ನಿಲ್ಲುತ್ತಿದ್ದ ತಿರುವಿನಲ್ಲೇ ಮತ್ತೆ ನಿಂತಿತು.

ಆ ನವೆಂಬರಿನಲ್ಲಿ ಮೈಸೂರಿಗೆ ಹೋದಾಗ ಪರಿಚಿತರೊಬ್ಬರು ಜಾವಾ ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾದ ಹಿರಿಯರ ಮನೆಗೆ ಕರೆದುಕೊಂಡು ಹೋದರು. ಜಗಲಿಯಲ್ಲಿ ಕೂತಿದ್ದರು. ನಾನು ಗೋಣಿಚೀಲದಿಂದ ಕಾರ್ಬುರೇಟರ್ ತೆಗೆಯಲು ಹೋದರೆ ಕೈಯಲ್ಲೇ ತಡೆದರು.

"ಅದಿರ್ಲಿ. ನಿಂತ ಮೇಲೆ ಎಷ್ಟೊತ್ತಿಗೆ ಮತ್ತೆ ಸ್ಟಾರ್ಟ್ ಆಗುತ್ತೆ?"

"ಹತ್ತು ನಿಮಿಷಕ್ಕೆ ಯಜಮಾನ್ರೇ."

"ಪ್ಲಗ್ ಬಿಚ್ಚಿ ನೋಡಿದ್ಯಾ? ಒದ್ದೆ ಇತ್ತಾ, ಒಣಗಿತ್ತಾ?"

ನಾನು ನೋಡಿರಲಿಲ್ಲ.

"ಟ್ಯಾಂಕ್ ಮುಚ್ಚಳ ಯಾವಾಗ ಮುಟ್ಟಿದ್ದೆ?"

ಆಗ ನೆನಪಾಯಿತು. ಆ ವರ್ಷ ಮೇ ತಿಂಗಳಲ್ಲಿ, ಮಳೆ ನೀರು ಟ್ಯಾಂಕಿಗೆ ಇಳಿಯದಿರಲೆಂದು ಮುಚ್ಚಳದ ಹಳೆ ವಾಷರ್ ತೆಗೆದು ಸೈಕಲ್ ಟ್ಯೂಬಿನಿಂದ ದಪ್ಪದ್ದೊಂದು ಕತ್ತರಿಸಿ ಹಾಕಿದ್ದೆ. ಆ ರಬ್ಬರು ಮುಚ್ಚಳದ ಗಾಳಿ ತೂತನ್ನೇ ಮುಚ್ಚಿಬಿಟ್ಟಿತ್ತು. ಟ್ಯಾಂಕಿನಿಂದ ಪೆಟ್ರೋಲ್ ಇಳಿಯಬೇಕಾದರೆ ಅಷ್ಟೇ ಗಾಳಿ ಒಳಗೆ ಬರಬೇಕು. ಬರದಿದ್ದರೆ ಒಳಗಿನ ಒತ್ತಡ ತಗ್ಗುತ್ತ ಹೋಗಿ ಪೆಟ್ರೋಲ್ ಇಳಿಯುವುದೇ ನಿಲ್ಲುತ್ತದೆ. ಕಾರ್ಬುರೇಟರಿನ ಫ್ಲೋಟ್ ಬಟ್ಟಲು ಬರಿದಾಗುವವರೆಗೆ ಗಾಡಿ ಓಡುತ್ತದೆ, ಆಮೇಲೆ ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟರೆ ಎಲ್ಲಿಂದಲೋ ಸಂದಿಯಲ್ಲಿ ಗಾಳಿ ಸೋರಿ ಒಳಬಂದು ಬಟ್ಟಲು ಮತ್ತೆ ತುಂಬುತ್ತದೆ. ಮಳೆಯಿಂದ ಗಾಡಿಯನ್ನು ಕಾಪಾಡಲು ನಾನು ಮಾಡಿದ ಉಪಾಯವೇ ಅದರ ಉಸಿರು ಕಟ್ಟಿಸಿತ್ತು.

ಅವರು ಹೇಳಿಕೊಟ್ಟ ಪರೀಕ್ಷೆ ಅರ್ಧ ನಿಮಿಷದ್ದು. ಗಾಡಿ ನಿಂತ ಕೂಡಲೇ ಮುಚ್ಚಳ ಸಡಿಲಿಸಿ. "ಸ್ಸ್" ಎಂದು ಗಾಳಿ ಎಳೆದುಕೊಂಡ ಸದ್ದು ಬಂದು ಗಾಡಿ ಸ್ಟಾರ್ಟ್ ಆದರೆ ದೋಷ ಮುಚ್ಚಳದ್ದು. ಸದ್ದಿಲ್ಲದಿದ್ದರೆ ಪ್ಲಗ್ ಬಿಚ್ಚಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ, ಒದ್ದೆಯಿದ್ದೂ ಕಿಡಿ ಇಲ್ಲದಿದ್ದರೆ ಕಾಯಿಲ್ ನೋಡಬೇಕು. ಕಾಯಿಲ್ ಬಿಸಿಯಾಗಿ ಕಿಡಿ ನಿಂತರೂ ಗಾಡಿ ಹೀಗೇ ಹತ್ತು ನಿಮಿಷ ದಣಿವಾರಿಸಿಕೊಂಡು ಹೊರಡುತ್ತದೆ. ಬಿಚ್ಚುವ ಮುಂಚೆ ಇಷ್ಟನ್ನು ನೋಡದೆ ಹೋದವರು ನನ್ನ ಹಾಗೆ ಒಂದು ಮಳೆಗಾಲ ಕಳೆದುಕೊಳ್ಳುತ್ತಾರೆ.

ಊರಿಗೆ ಬಂದು ಆ ರಬ್ಬರಿಗೆ ನಡುವೆ ತೂತು ಮಾಡಿದೆ. ಬಳಿಕ ಆ ದಾರಿಯಲ್ಲಿ ಗಾಡಿ ನಿಂತಿಲ್ಲ.

ಅಂದಿನಿಂದ ನನ್ನ ಕೆಲಸದ ಕ್ರಮ ಬದಲಾಯಿತು. ಪೆಟ್ರೋಲ್ ಬರುವ ದಾರಿಯಲ್ಲೇ ನಾನೂ ಬರುತ್ತೇನೆ. ಮೊದಲು ಮುಚ್ಚಳ, ಆಮೇಲೆ ಟ್ಯಾಂಕಿನ ಒಳಮೈ, ಟ್ಯಾಪಿನ ಜಾಲರಿ, ಟ್ಯೂಬು, ಎಲ್ಲ ಆದಮೇಲೆ ಕಾರ್ಬುರೇಟರ್. ಟ್ಯೂಬನ್ನು ಕಾರ್ಬುರೇಟರ್ ಕಡೆಯಿಂದ ಕಳಚಿ ಬಿಳಿ ಗಾಜಿನ ಬಾಟಲಿಗೆ ಬಿಟ್ಟು ಟ್ಯಾಪ್ ತೆರೆಯುವುದು. ಧಾರೆ ಒಂದೇ ಸಮನೆ ಬರಬೇಕು. ಸಣ್ಣಗಾಗುತ್ತ ಬಂದರೆ ಅಡ್ಡಿ ಮೇಲೆಲ್ಲೋ ಇದೆ. ಬಾಟಲಿಯನ್ನು ಅರ್ಧ ಗಂಟೆ ಅಲ್ಲಾಡಿಸದೆ ಇಟ್ಟು ತಳ ನೋಡುವುದು. ಈ ಕೆಲಸ ಒಲೆಯಿರುವ ಮನೆಯೊಳಗೆ ಬೇಡ, ಗಾಳಿಯಾಡುವ ಕಾಫಿ ಕಣದಲ್ಲಿ ಮಾಡಿ.

ಆ ಬಾಟಲಿಯ ತಳದಲ್ಲೇ ನನಗೆ ಎರಡನೆಯ ಪಾಠ ಸಿಕ್ಕಿತು. 2023ರಲ್ಲಿ ಕಕ್ಕಡ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ನಮ್ಮ ಮಳೆ ತಿಂಗಳು) ಕಳೆದ ಮೇಲೆ, ತಿಂಗಳಿಗೂ ಹೆಚ್ಚು ಕಾಲ ಅರ್ಧ ಟ್ಯಾಂಕಿನಲ್ಲಿ ನಿಂತಿದ್ದ ಗಾಡಿಯಿಂದ ಪೆಟ್ರೋಲ್ ಹಿಡಿದೆ. ಮೇಲೆ ಟೂಟಿ ಆಯಿಲ್ (ಎರಡು ಸ್ಟ್ರೋಕಿನ ಎಂಜಿನ್ನಿನ ಆಯಿಲ್) ಬೆರೆತ ಬಣ್ಣದ ಪೆಟ್ರೋಲ್, ತಳದಲ್ಲಿ ಎರಡು ಬೆರಳೆತ್ತರದ ಬೇರೊಂದು ಪದರ. ಬರೀ ನೀರೆಂದುಕೊಂಡೆ, ಬರೀ ನೀರಲ್ಲ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ. 2022ರ ಹೊತ್ತಿಗೆ ದೇಶದಲ್ಲಿ ಶೇ. 10ರಷ್ಟಾಗಿದ್ದದ್ದು 2025ರಲ್ಲಿ ಶೇ. 20 ಮುಟ್ಟಿತು. ಎಥನಾಲ್ ಗಾಳಿಯ ತೇವವನ್ನು ಹೀರಿ ಒಂದು ಮಿತಿಯವರೆಗೆ ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ನೀರು ಆ ಮಿತಿ ದಾಟಿದರೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜತೆ ತಳಕ್ಕಿಳಿಯುತ್ತದೆ. ಚಳಿ ಹೆಚ್ಚಿದಷ್ಟೂ ಆ ಮಿತಿ ಕಡಿಮೆ. ವಾರಗಟ್ಟಲೆ ಬಟ್ಟೆ ಒಣಗದ ನಮ್ಮೂರಿನ ಜುಲೈಯಲ್ಲಿ ಅರ್ಧ ಖಾಲಿ ಟ್ಯಾಂಕು ದಿನವೂ ಒದ್ದೆ ಗಾಳಿಯನ್ನೇ ಉಸಿರಾಡುತ್ತದೆ. ಸವೆದ ವಾಷರಿನಿಂದ ಸೋರಿದ ಮಳೆನೀರೂ ಸೇರಿದರೆ ಕೇಳುವುದೇ ಬೇಡ.

ಎಥನಾಲ್ ಎಷ್ಟಿದೆಯೆಂದು ಮನೆಯಲ್ಲೇ ನೋಡಬಹುದು. ಗೆರೆ ಹಾಕಿದ ಗಾಜಿನ ಪಾತ್ರೆಯಲ್ಲಿ ಆಯಿಲ್ ಬೆರೆಸದ ಪೆಟ್ರೋಲ್ 100 ಮಿ.ಲೀ. ಹಾಕಿ, 10 ಮಿ.ಲೀ. ನೀರು ಸೇರಿಸಿ, ಕುಲುಕಿ ಇಡಿ. ತಳದ ಪದರ 10ರಲ್ಲೇ ನಿಂತರೆ ಎಥನಾಲ್ ಇಲ್ಲ. ಸುಮಾರು 30ಕ್ಕೆ ಬಂದರೆ ಶೇ. 20ರ ಪೆಟ್ರೋಲ್.

ನಾಲ್ಕು ಸ್ಟ್ರೋಕಿನ ಗಾಡಿಗೆ ಈ ತಳದ ಪದರ ಹೋದರೆ ಗಾಡಿ ಸ್ಟಾರ್ಟ್ ಆಗಲಿಕ್ಕಿಲ್ಲ, ಅಷ್ಟೇ. ಯೆಜ್ಡಿಯಂಥ ಎರಡು ಸ್ಟ್ರೋಕಿನ ಗಾಡಿಗೆ ಅಪಾಯ ಇನ್ನೂ ಹೆಚ್ಚು. ನಮ್ಮ ಎಂಜಿನ್ನಿಗೆ ಬೇರೆ ಆಯಿಲ್ ಪಂಪ್ ಇಲ್ಲ. ಅಪ್ಪನ ಲೆಕ್ಕದಲ್ಲಿ ಲೀಟರಿಗೆ 40 ಮಿ.ಲೀ. ಪೆಟ್ರೋಲಿಗೇ ಬೆರೆಸುತ್ತೇವೆ, ಪಿಸ್ಟನ್ನಿಗೆ ಸಿಗುವ ಜಿಡ್ಡು ಅದೊಂದೇ. ಪದರ ಬೇರ್ಪಟ್ಟಾಗ ಆಯಿಲ್ ಮೇಲಿನ ಪೆಟ್ರೋಲಿನಲ್ಲಿ ಉಳಿಯುತ್ತದೆ, ಟ್ಯಾಪಿನಿಂದ ಮೊದಲು ಇಳಿಯುವುದು ತಳದ ನೀರು ಮತ್ತು ಎಥನಾಲ್. ಅಂಥದ್ದರಲ್ಲಿ ಎಂಜಿನ್ ಹೇಗೋ ಓಡಿತೆಂದರೆ ಒಣ ಪಿಸ್ಟನ್ ಸಿಲಿಂಡರನ್ನು ಕೆರೆದು ಜಾಮ್ ಆಗುತ್ತದೆ. ಅದಕ್ಕೇ ಮಳೆಗಾಲ ಕಳೆದ ಗಾಡಿಯನ್ನು ಬಾಟಲಿ ಪರೀಕ್ಷೆ ಮಾಡದೆ ಕಿಕ್ ಹೊಡೆಯಲು ನನ್ನ ಮಗನಿಗೂ ಬಿಡುವುದಿಲ್ಲ.

ಕಾರ್ಬುರೇಟರನ್ನು ಮೊದಲ ಸಲ ಬಿಚ್ಚಿದಾಗ ಫ್ಲೋಟ್ ಬಟ್ಟಲಿನಲ್ಲಿ ಬಿಳಿ ಪುಡಿ ಕಂಡಿತ್ತು, ಅದೇನೆಂದು ಆಗ ನನಗೆ ಗೊತ್ತಿರಲಿಲ್ಲ. ತೇವಕ್ಕೆ ಲೋಹ ಕರಗಿ ಬಿಟ್ಟ ತುಕ್ಕು ಅದು. ನಿಧಾನ ಓಟಕ್ಕೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ ಕಟ್ಟಲು ಆ ಪುಡಿಯೂ ಒಂದು ಕಾರಣ. ಹಳೆಯ ರಬ್ಬರ್ ಟ್ಯೂಬು ಎಥನಾಲಿಗೆ ಉಬ್ಬಿ ಮೆತ್ತಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ನಾನದನ್ನು ಬದಲಿಸುತ್ತೇನೆ.

ಇನ್ನು ಘಾಟಿಯ ವಿಷಯ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿದೆ. ಅಲ್ಲಿಂದ ಸಂಪಾಜೆ ಇಳಿದು ಸುಳ್ಯಕ್ಕೆ ಸುಮಾರು 50 ಕಿ.ಮೀ., ಅಷ್ಟರಲ್ಲಿ ಹತ್ತಿರ ಹತ್ತಿರ ಸಾವಿರ ಮೀಟರ್ ಕೆಳಗೆ ಬಂದಿರುತ್ತೇವೆ. ಮೇಲೆ ಗಾಳಿ ಶೇ. 10ರಷ್ಟು ತೆಳು. ಅದಕ್ಕೆ ಹೊಂದಿಸಲು ಮೇಲೆ ಪೆಟ್ರೋಲ್ ಕಡಿಮೆ ಮಾಡಿಸಿಕೊಂಡ ಗಾಡಿ ಕೆಳಗಿನ ದಟ್ಟ ಗಾಳಿಯಲ್ಲಿ ಪೆಟ್ರೋಲ್ ಸಾಲದೆ ಕಾಯುತ್ತದೆ. ಎಕ್ಸಲೇಟರ್ ಪೂರ್ತಿ ಬಿಟ್ಟು ಬರೀ ಗೇರಿನಲ್ಲಿ ಇಳಿದರೆ ಪೆಟ್ರೋಲಿನ ಜತೆ ಆಯಿಲೂ ನಿಲ್ಲುತ್ತದೆ. ಆದ್ದರಿಂದ ಇಳಿಜಾರಿನಲ್ಲಿ ಆಗಾಗ ಎಕ್ಸಲೇಟರ್ ಸ್ವಲ್ಪ ತಿರುವಿ ಬಿಡುತ್ತೇನೆ. ಮೇಲಿನ ಒಂದು ಊರಿಗಾಗಿ ಜೆಟ್ ಬದಲಿಸುವುದು ಬೇಡವೆಂಬುದು ನನ್ನ ಅಭಿಪ್ರಾಯ. ಮಡಿಕೇರಿಯಲ್ಲಿ ಪಿಕಪ್ ಒಂದಿಷ್ಟು ಮಂಕಾದರೂ ಎಂಜಿನ್ ಉಳಿಯುತ್ತದೆ. ತೀರ್ಪು ಹೇಳುವುದು ಪ್ಲಗ್. ಹದವಾಗಿ ಹುರಿದ ಕಾಫಿ ಬೀಜದ ಬಣ್ಣವಿದ್ದರೆ ಸರಿ. ಮಸಿಯಂತಿದ್ದರೆ ಪೆಟ್ರೋಲ್ ಹೆಚ್ಚು. ಬೆಳ್ಳಗಿದ್ದರೆ ಮುಂದೆ ಹೋಗದೆ ನಿಂತು ಕಾರಣ ಹುಡುಕಿ. ಕಾರ್ಬುರೇಟರ್ ಕೂರುವಲ್ಲಿಯ ಪ್ಯಾಕಿಂಗ್ ಸಡಿಲಾಗಿ ಗಾಳಿ ನುಗ್ಗಿದರೂ ಪ್ಲಗ್ ಬೆಳ್ಳಗಾಗುತ್ತದೆ. ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಆ ಸಂದಿಗೆ ಸೋಪಿನ ನೀರು ಸವರಿ, ಸದ್ದು ಬದಲಾದರೆ ಕಳ್ಳ ಸಿಕ್ಕಿದ ಹಾಗೆ.

ಈಗ ನಾನು ಜೂನ್ ಮೊದಲ ವಾರವೇ ಟ್ಯಾಂಕ್ ಬರಿದು ಮಾಡಿ, ಉಳಿದದ್ದು ತೀರುವವರೆಗೆ ಎಂಜಿನ್ ಓಡಿಸಿ, ಒಳಮೈಗೆ ಒಂದಿಷ್ಟು ಟೂಟಿ ಆಯಿಲ್ ಸವರಿ ಇಡುತ್ತೇನೆ. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್ ಪೊಳ್ದ್ ಹಬ್ಬ ಕಳೆದ ಮೇಲೆ ಹೊಸ ಪೆಟ್ರೋಲ್. ತೆಗೆದ ಹಳೆ ಪೆಟ್ರೋಲನ್ನು ದಯವಿಟ್ಟು ತೋಟದ ಚರಂಡಿಗೆ ಚೆಲ್ಲಬೇಡಿ. ನಮ್ಮ ಚರಂಡಿ ತೋಡಿಗೆ ಸೇರುತ್ತದೆ, ತೋಡು ಕಾವೇರಿಗೆ.

ಜೀವ ಇಲ್ಲವೆಂದ ಆ ಹಳೆ ಕಾರ್ಬುರೇಟರನ್ನು ನಾನು ಗುಜರಿಗೆ ಹಾಕಿರಲಿಲ್ಲ. ಸೂಜಿಯಿಂದ ಕೆಡಿಸಿದ ಜೆಟ್ಟಿನ ಬದಲಿಗೆ ಮೈಸೂರಿನಿಂದ ಬೇರೊಂದು ಜೆಟ್ ತಂದು ಹಾಕಿ ಅದನ್ನೇ ಮತ್ತೆ ಕೂರಿಸಿದೆ. ಚಳಿಯ ಬೆಳಗ್ಗೆ ಅದರ ಮೇಲಿನ ಸಣ್ಣ ಗುಂಡಿಯನ್ನು ಪೆಟ್ರೋಲ್ ಜಿನುಗುವವರೆಗೆ ಒತ್ತಿ, ಅಪ್ಪ ಹೊಡೆಯುತ್ತಿದ್ದ ಹಾಗೆ ಎರಡು ಕಿಕ್ ಹೊಡೆದರೆ ಸಾಕು. ನಿಮ್ಮ ಮನೆಯ ಅಟ್ಟದಲ್ಲೋ ಕೊಟ್ಟಿಗೆಯಲ್ಲೋ ಅಂಥದ್ದೊಂದು ಇದ್ದರೆ ಎಸೆಯಬೇಡಿ, ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ನೋಡಿ.