ಹುಟ್ಟುಗುಣವೆಂಬ ಮಾತನ್ನು ಪರೀಕ್ಷಿಸುವದು

ಕಾರವಾರದಿಂದ ಕಾಳಿ ನದಿಯನ್ನು ದಾಟಿ ಉತ್ತರಕ್ಕೆ ಹೋದರೆ ಗೋವೆಯ ಗಡಿಯ ಸಮೀಪದಲ್ಲಿ ಮಾಜಾಳಿ ಎಂಬ ಊರು ಸಿಕ್ಕುವದು. ಅದರ ಬಳಿಯಲ್ಲಿ ತಿಳ್ಮಾತಿ ಎಂಬ ಚಿಕ್ಕ ಕಡಲತೀರವುಂಟು. ಸುತ್ತಲಿನ ತೀರಗಳ ಮರಳು ಬಿಳುಪಾಗಿರುವಾಗ ಇಲ್ಲಿಯದು ಮಾತ್ರ ಕಪ್ಪು. ಎಳ್ಳಿನಂಥ ಈ ಮಣ್ಣಿನಿಂದಲೇ ಆ ಸ್ಥಳಕ್ಕೆ ಹೆಸರು ಬಂತು. ದೂರದಿಂದ ನೋಡುವವನು ಯಾರೋ ಎಳ್ಳನ್ನು ಹರವಿದ್ದಾರೆಂದು ತಿಳಿದಾನು; ಬೊಗಸೆಯಲ್ಲಿ ಎತ್ತಿ ನೋಡಿದವನಿಗೇ ಅದು ಕಲ್ಲಿನ ಪುಡಿಯೆಂದು ಗೊತ್ತಾಗುವದು. ಮನುಷ್ಯರ ವಿಷಯದಲ್ಲಿ ನಾವು ಹೆಚ್ಚಾಗಿ ಬೊಗಸೆ ಒಡ್ಡದೆ, ದೂರದಿಂದಲೇ ತೀರ್ಪು ಹೇಳುವವರಾಗಿದ್ದೇವೆ.

ಹುಟ್ಟುಗುಣ ಸುಟ್ಟರೂ ಹೋಗದೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಒಬ್ಬ ಹುಡುಗನು ಪಾಠ ಒಪ್ಪಿಸದಿದ್ದರೆ ಅವನು ಹುಟ್ಟುದಡ್ಡನೆನ್ನುತ್ತೇವೆ. ಒಬ್ಬ ಹುಡುಗಿಯು ತರಗತಿಯಲ್ಲಿ ಬಾಯಿ ಬಿಡದಿದ್ದರೆ ಅವಳ ಸ್ವಭಾವವೇ ಹಾಗೆನ್ನುತ್ತೇವೆ. ಈ ಮಾತು ಹೇಳುವದಕ್ಕೆ ಒಂದು ಗಳಿಗೆ ಸಾಕು. ಆದರೆ ಅದರ ಫಲವನ್ನು ಆ ಮಗು ಆಯುಷ್ಯವೆಲ್ಲಾ ಉಣ್ಣಬೇಕಾಗುವದು. ಯಾಕಂದರೆ ಓದು ಹತ್ತದೆಂದು ತಿಳಿದ ತಂದೆತಾಯಿಗಳು ಶಾಲೆ ಬಿಡಿಸುತ್ತಾರೆ, ಬಿಡಿಸಿದ ಮೇಲೆ ಓದು ಹತ್ತುವದೇ ಇಲ್ಲ. ಆಗ ಗಾದೆಯು ನಿಜವಾಯಿತೆಂದು ಎಲ್ಲರೂ ತಲೆದೂಗುತ್ತಾರೆ.

ಈ ತಪ್ಪಿನಲ್ಲಿ ನಮಗೂ ಪಾಲುಂಟು. ಒಮ್ಮೆ ನಾವು ಕಲಿಸುತ್ತಿದ್ದ ಮಕ್ಕಳಲ್ಲಿ ಒಬ್ಬ ಹುಡುಗನಿದ್ದನು. ಕರೆದರೆ ತಿರುಗುತ್ತಿರಲಿಲ್ಲ; ಕೇಳಿದ್ದಕ್ಕೆ ಬೇರೇನೋ ಉತ್ತರ ಕೊಡುತ್ತಿದ್ದನು. ಎರಡು ವರುಷಗಳ ವರೆಗೆ ನಾವು ಅವನನ್ನು ಮಂದಬುದ್ಧಿಯವನೆಂದು ಎಣಿಸಿ ಹಿಂದಿನ ಸಾಲಿನಲ್ಲಿ ಕೂರಿಸಿದೆವು. ಅವನ ಕಿವಿ ಸೋರುತ್ತಿತ್ತೆಂದು ಅವನ ಅಜ್ಜಿ ಹೇಳಿದ ಮೇಲೆಯೇ ನಮ್ಮ ಕಣ್ಣು ತೆರೆಯಿತು. ಮುಂದಿನ ಸಾಲಿನಲ್ಲಿ ಕೂತು, ಕಿವಿಗೆ ಚಿಕಿತ್ಸೆಯಾದ ಬಳಿಕ ಆ ಹುಡುಗನು ಉಳಿದವರಂತೆಯೇ ಓದಿದನು. ಮಂದವಾಗಿದ್ದದ್ದು ಅವನ ಬುದ್ಧಿಯಲ್ಲ, ನಮ್ಮ ವಿಚಾರಣೆಯೇ. ಆದದರಿಂದ ಮನುಷ್ಯಸ್ವಭಾವವನ್ನು ಅರಿಯುವದಕ್ಕೆ ಶಾಸ್ತ್ರವೂ ವಿದ್ಯೆಯೂ ಹೇಗೆ ಸಹಾಯ ಮಾಡುತ್ತವೆ, ಎಲ್ಲಿ ಅವುಗಳೂ ಎಡವಿದವು ಎಂಬದನ್ನು ಈ ಪಾಠದಲ್ಲಿ ವಿಚಾರಿಸುವೆವು.

ಬುದ್ಧಿಯನ್ನು ಅಳೆಯುವ ಕೆಲಸವು ಫ್ರಾನ್ಸ್ ದೇಶದ ಪ್ಯಾರಿಸ್ ನಗರದಲ್ಲಿ ಕ್ರಮವಾಗಿ ಆರಂಭವಾಯಿತು. ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ಅವರಿಗೆ ಬೇರೆ ರೀತಿಯಿಂದ ಕಲಿಸಬೇಕೆಂದು 1904ರಲ್ಲಿ ಅಲ್ಲಿಯ ಸರಕಾರವು ಒಂದು ಮಂಡಲಿಯನ್ನು ನೇಮಿಸಿತು. ಆಲ್ಫ್ರೆಡ್ ಬಿನೇ ಎಂಬ ಪಂಡಿತನು ಥಿಯೊಡೋರ್ ಸಿಮೋನ್ ಎಂಬ ವೈದ್ಯನ ಸಂಗಡ 1905ರಲ್ಲಿ ಮೂವತ್ತು ಪರೀಕ್ಷೆಗಳ ಒಂದು ಮಾಲೆಯನ್ನು ಕಟ್ಟಿದನು. ಚಿತ್ರದಲ್ಲಿರುವ ವಸ್ತುಗಳನ್ನು ಹೆಸರಿಸುವದು, ಕೇಳಿದ ಅಂಕಿಗಳನ್ನು ತಿರುಗಿ ಹೇಳುವದು, ಎರಡು ತೂಕಗಳಲ್ಲಿ ಭಾರವಾದದ್ದು ಯಾವದೆಂದು ತಿಳಿಯುವದು, ಇಂಥವುಗಳನ್ನು ಸುಲಭದಿಂದ ಕಠಿಣಕ್ಕೆ ಜೋಡಿಸಿದನು. ಆದರೆ ಈ ಅಳತೆಯು ಮಗುವಿಗೆ ಸಹಾಯ ಮಾಡುವದಕ್ಕಾಗಿಯೇ ಹೊರತು ಅದರ ಹಣೆಗೆ ಮುದ್ರೆ ಒತ್ತುವದಕ್ಕಲ್ಲವೆಂದು ಬಿನೇ ತಿಳಿದಿದ್ದನು. ಬುದ್ಧಿಯು ಹೆಚ್ಚಿಸಲಾರದ ಗಟ್ಟಿ ಗಂಟೆಂಬ ಅಭಿಪ್ರಾಯವನ್ನು ಅವನು ಬಲವಾಗಿ ಖಂಡಿಸಿದನು. ಅವನು 1911ರಲ್ಲಿ ತೀರಿಹೋದನು. ಅವನ ಎಚ್ಚರಿಕೆಯನ್ನು ಅನೇಕರು ಬೇಗನೆ ಮರೆತರು.

ಮರೆತದ್ದರ ಫಲವು ಅಮೇರಿಕದಲ್ಲಿ ಕಾಣಿಸಿತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1917ರಿಂದ, ಆ ದೇಶದ ಸೈನ್ಯಕ್ಕೆ ಸೇರಿದ ಸುಮಾರು 17 ಲಕ್ಷ ಜನರ ಬುದ್ಧಿಯನ್ನು ಅಳೆದರು. ಇಂಗ್ಲಿಷ್ ಓದಲಾರದವರಿಗೆ ಚಿತ್ರಗಳನ್ನು ತೋರಿಸಿ, ಯಾವ ಭಾಗವು ಬಿಟ್ಟುಹೋಗಿದೆಯೆಂದು ಗುರುತಿಸುವಂತೆ ಹೇಳಿದರು. ಒಂದು ಚಿತ್ರದಲ್ಲಿ ಟೆನ್ನಿಸ್ ಆಟದ ಅಂಗಳಕ್ಕೆ ಬಲೆ ಇರಲಿಲ್ಲ. ಟೆನ್ನಿಸನ್ನು ಎಂದೂ ಕಾಣದ ಬಡ ಒಕ್ಕಲಿಗನು ಆ ಕೊರತೆಯನ್ನು ಹೇಗೆ ಕಂಡಾನು? ಬಲೆ ಅಂದರೆ ಮೀನಿನ ಬಲೆಯೆಂದೇ ಬಲ್ಲ ನಮ್ಮ ಕರಾವಳಿಯವನು ಹೇಗೆ ಕಂಡಾನು? ಹೊರದೇಶಗಳಿಂದ ಬಂದವರ ಅಂಕಗಳು ಕಡಿಮೆಯಾದವು. ಅಮೇರಿಕದಲ್ಲಿ ಹೆಚ್ಚು ವರುಷ ಕಳೆದವರ ಅಂಕಗಳು ಮಾತ್ರ ಹೆಚ್ಚಾಗಿದ್ದವು. ಇದು ಪರಿಚಯದ ಫಲವೆಂದು ಹೇಳಬೇಕಾಗಿತ್ತು. ಆದರೆ ಕಾರ್ಲ್ ಬ್ರಿಗಮ್ ಎಂಬ ವಿದ್ವಾಂಸನು 1923ರಲ್ಲಿ ಪುಸ್ತಕ ಬರೆದು, ಕೆಲವು ಜನಾಂಗಗಳು ಹುಟ್ಟಿನಿಂದಲೇ ಬುದ್ಧಿಯಲ್ಲಿ ಕೀಳೆಂದು ತೀರ್ಪು ಕೊಟ್ಟನು. ಏಳು ವರುಷಗಳ ಮೇಲೆ, 1930ರಲ್ಲಿ, ಅದೇ ಬ್ರಿಗಮನು ತನ್ನ ವಾದಕ್ಕೆ ಆಧಾರವಿಲ್ಲವೆಂದು ಬಹಿರಂಗವಾಗಿ ಒಪ್ಪಿಕೊಂಡನು. ಶಾಸ್ತ್ರಜ್ಞನೂ ತಪ್ಪುವನು, ಆದರೆ ತಪ್ಪನ್ನು ತೋರಿಸಿದಾಗ ಒಪ್ಪಿಕೊಳ್ಳುವದೇ ಶಾಸ್ತ್ರದ ಮರ್ಯಾದೆ. ಈ ಮರ್ಯಾದೆಯನ್ನು ನಮ್ಮ ಮನೆಗಳೂ ಕಲಿಯತಕ್ಕದ್ದು.

ನಮ್ಮ ದೇಶದಲ್ಲಿ ಈ ಕೆಲಸವನ್ನು ಮೊದಲು ಕೈಕೊಂಡವರಲ್ಲಿ ಲಾಹೋರಿನ ಫಾರ್ಮನ್ ಕ್ರಿಶ್ಚನ್ ಕಾಲೇಜಿನ ಹರ್ಬರ್ಟ್ ರೈಸ್ ಎಂಬವರು ಒಬ್ಬರು. ಅವರು ಬಿನೇಯ ಪರೀಕ್ಷೆಯನ್ನು ಹಿಂದುಸ್ತಾನಿ ಭಾಷೆಗೆ ಹೊಂದಿಸಿದರು. ಕನ್ನಡನಾಡಿನಲ್ಲಿ ಅದೇ ಕೆಲಸವನ್ನು ವಿ. ವಿ. ಕಾಮತ್ ಎಂಬವರು ಮಾಡಿದರು. ಆಗ ಕಾರವಾರವೂ ಧಾರವಾಡವೂ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಕಾಮತರು ಧಾರವಾಡದ ಕಡೆಯ ಸಾವಿರಕ್ಕೆ ಮಿಕ್ಕಿದ ಮಕ್ಕಳನ್ನು ಪರೀಕ್ಷಿಸಿ, ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಪ್ರಶ್ನೆಗಳನ್ನು ಸಿದ್ಧಪಡಿಸಿ, 1940ರಲ್ಲಿ ಅದರ ವಿವರವನ್ನು ಪುಸ್ತಕವಾಗಿ ಪ್ರಕಟಿಸಿದರು. ಎರಡು ಭಾಷೆಗಳು ಯಾತಕ್ಕೆ ಬೇಕಾದವು? ಮಗುವಿನ ಬುದ್ಧಿಯನ್ನು ಅರಿಯಬೇಕಾದರೆ ಮೊದಲು ಮಗುವಿನ ಮಾತಿನಲ್ಲಿ ಕೇಳಬೇಕೆಂಬದೇ ಇದರ ಅರ್ಥ.

ಈಗ ಮಾಜಾಳಿಗೆ ತಿರುಗಿ ಬರೋಣ. ಕಾರವಾರದ ಕಡೆಯ ಅನೇಕ ಮನೆಗಳಲ್ಲಿ ಆಡುಮಾತು ಕೊಂಕಣಿ. ಮನೆಯಲ್ಲಿ ಉದಾಕ ಕುಡಿದ ಮಗು ಕನ್ನಡ ಶಾಲೆಯಲ್ಲಿ ನೀರೆಂಬ ಮಾತನ್ನು ಹೊಸದಾಗಿ ಕಲಿಯಬೇಕು; ಘರವನ್ನು ಬಿಟ್ಟು ಬಂದು ಮನೆ ಎಂದು ಬರೆಯಬೇಕು. ಅಂಥ ಮಗು ಮೊದಲನೆಯ ವರುಷ ಮೌನವಾಗಿದ್ದರೆ ಅದು ದಡ್ಡತನವಲ್ಲ. ಅದು ಒಂದೇ ವೇಳೆಯಲ್ಲಿ ಎರಡು ಹೊರೆಗಳನ್ನು ಹೊರುತ್ತಲಿದೆ: ಪಾಠವೊಂದು, ಪಾಠದ ಭಾಷೆಯೊಂದು.

ಶರೀರದ ಕಾರಣಗಳೂ ಉಂಟು. ಹಲಗೆಯ ಅಕ್ಷರವನ್ನು ತಪ್ಪಾಗಿ ಬರೆದುಕೊಳ್ಳುವ ಮಗುವಿಗೆ ಬೆತ್ತಕ್ಕಿಂತ ಕನ್ನಡಕವು ಅವಶ್ಯವಾಗಿರಬಹುದು. ಹಸಿವೆಯಿಂದಲೂ ಹೊಟ್ಟೆಯ ಹುಳುಗಳಿಂದಲೂ ರಕ್ತ ಕುಂದಿದ ಮಗುವಿನ ಗಮನವು ನಿಲ್ಲುವದಿಲ್ಲ. ಗರ್ಭಿಣಿಯರಿಗೆ ಅಯೋಡೀನ್ ಎಂಬ ದ್ರವ್ಯವು ತೀರ ಕಡಿಮೆಯಾದರೆ ಹುಟ್ಟುವ ಮಗುವಿನ ಮಿದುಳು ಸರಿಯಾಗಿ ಬೆಳೆಯದು. ಆ ನಷ್ಟವನ್ನು ತರುವಾಯ ಪೂರ್ಣವಾಗಿ ತುಂಬಲಾಗುವದಿಲ್ಲ. ಹಿಂದಿನವರು ಇದನ್ನು ಕುಲದ ದೋಷವೆಂದೂ ಶಾಪವೆಂದೂ ಎಣಿಸಿದರು. ಶಾಸ್ತ್ರವು ಅದು ಉಪ್ಪಿನಿಂದ ತಡೆಯತಕ್ಕ ಕೊರತೆಯೆಂದು ತೋರಿಸಿತು. 1962ರಿಂದ ಭಾರತ ಸರಕಾರವು ಅಯೋಡೀನ್ ಬೆರಸಿದ ಉಪ್ಪನ್ನು ಹರಡುವ ಕಾರ್ಯವನ್ನು ನಡಿಸುತ್ತಾ ಬಂದಿದೆ. ಸಮುದ್ರದ ಉಪ್ಪಾದದರಿಂದ ಅದರಲ್ಲಿ ಅಯೋಡೀನ್ ತಾನಾಗಿ ಇರುವದೆಂದು ನಂಬಬಾರದು. ಬೆರಸದ ಹರಳುಪ್ಪಿನಲ್ಲಿ ಅದು ಅತ್ಯಲ್ಪ.

ಹಾಗಾದರೆ ಹುಟ್ಟಿಗೆ ಏನೂ ಪಾಲಿಲ್ಲವೋ? ಉಂಟು. ಅವಳಿ ಮಕ್ಕಳನ್ನು ಪರೀಕ್ಷಿಸಿದ ಪಂಡಿತರು ಬುದ್ಧಿಯಲ್ಲಿಯೂ ಸ್ವಭಾವದಲ್ಲಿಯೂ ತಂದೆತಾಯಿಗಳಿಂದ ಬಂದ ಭಾಗವಿದೆಯೆಂದು ಕಂಡಿದ್ದಾರೆ. ಆದರೆ ಬಂದದ್ದು ಬದಲಾಗದೆಂಬದು ತಪ್ಪು. ಭತ್ತದ ಬೀಜದಲ್ಲಿ ಗುಣವುಂಟು. ಆದರೂ ನೀರೂ ಗೊಬ್ಬರವೂ ಇಲ್ಲದ ಗದ್ದೆಯಲ್ಲಿ ಒಳ್ಳೆಯ ಬೀಜವೂ ಸೊರಗುವದು. ಜೇಮ್ಸ್ ಫ್ಲಿನ್ ಎಂಬ ವಿದ್ವಾಂಸನು 1987ರಲ್ಲಿ 14 ದೇಶಗಳ ಲೆಕ್ಕಗಳನ್ನು ಕೂಡಿಸಿ, ಒಂದು ತಲೆಮಾರಿನೊಳಗೆ ಬುದ್ಧಿಪರೀಕ್ಷೆಯ ಅಂಕಗಳು ಬಹಳವಾಗಿ ಏರಿದವೆಂದು ತೋರಿಸಿದನು. ಒಂದು ತಲೆಮಾರಿನಲ್ಲಿ ಜನರ ರಕ್ತವು ಬದಲಾಗುವದಿಲ್ಲ; ಅವರು ಬೆಳೆಯುವ ಸ್ಥಿತಿಯು ಬದಲಾಗುವದು.

ಪರೀಕ್ಷೆಗೆ ಸಿಕ್ಕದ ಬುದ್ಧಿಯೂ ಉಂಟೆಂಬದನ್ನು ಮರೆಯಬಾರದು. ಅಂಕೋಲೆ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಎಂಬ ಹಾಲಕ್ಕಿ ಹೆಂಗಸು ಶಾಲೆಗೆ ಹೋದವಳಲ್ಲ. ಅರಣ್ಯ ಇಲಾಖೆಯ ಸಸಿತೋಟದಲ್ಲಿ ಕೂಲಿಯಾಗಿ ದುಡಿದು, ಯಾವ ತಾಯಿಮರದ ಬೀಜವನ್ನು ಯಾವ ಹೊತ್ತಿನಲ್ಲಿ ಆರಿಸಿದರೆ ಮೊಳೆಯುವದೆಂದು ಆಕೆ ಬಲ್ಲವಳಾಗಿದ್ದಳು. ಓದಿದ ಅರಣ್ಯಾಧಿಕಾರಿಗಳು ಆಕೆಯ ಜ್ಞಾನವನ್ನು ಆಶ್ರಯಿಸಿದರು. 2021ರಲ್ಲಿ ಆಕೆ ಬರಿಗಾಲಿನಲ್ಲಿ ಹೋಗಿ ರಾಷ್ಟ್ರಪತಿಯ ಕೈಯಿಂದ ಪದ್ಮಶ್ರೀಯನ್ನು ಹೊಂದಿದಳು. 2024ರ ಡಿಸೆಂಬರದಲ್ಲಿ ತೀರಿಕೊಂಡಳು. ಅಕ್ಷರವೊಂದನ್ನೇ ಅಳತೆಗೋಲಾಗಿ ಹಿಡಿದವನು ಆಕೆಯನ್ನು ಏನೆಂದು ಎಣಿಸುತ್ತಿದ್ದನು? ಇದರಿಂದ ಶಾಲೆ ಬೇಡವೆಂಬ ಅರ್ಥವನ್ನು ತೆಗೆಯಬಾರದು. ಇಂಥ ಬುದ್ಧಿಗೆ ಶಾಲೆಯ ಬಾಗಲೂ ತೆರೆದಿದ್ದರೆ ಇನ್ನೆಷ್ಟು ಬೆಳೆಯುತ್ತಿತ್ತೆಂದೇ ಯೋಚಿಸತಕ್ಕದ್ದು.

ಹುಟ್ಟುಕುರುಡನನ್ನು ಕಂಡು, ಇದು ಯಾರ ಪಾಪದ ಫಲವೆಂದು ಶಿಷ್ಯರು ಕೇಳಿದ ಸಂಗತಿಯನ್ನು ನಮ್ಮ ವಾಚಕರು ಬಲ್ಲರು. ಗುರುವು ಆ ಪ್ರಶ್ನೆಯನ್ನೇ ತಳ್ಳಿಬಿಟ್ಟು ಕುರುಡನ ಕಡೆಗೆ ತಿರುಗಿದನು. ದೋಷವನ್ನು ಹುಡುಕುವ ಮೊದಲು ಕೊರತೆಯನ್ನು ನೀಗಿಸಬೇಕೆಂಬ ಈ ಕ್ರಮವು ಮನೆಗೂ ಶಾಲೆಗೂ ಸಲ್ಲುವದು. ಆದದರಿಂದ ಪ್ರಿಯರೇ, ಒಂದು ಮಗುವನ್ನು ದಡ್ಡನೆಂದು ಹೇಳುವದಕ್ಕೆ ಮುಂಚೆ ಅದರ ಕಿವಿ, ಕಣ್ಣು, ಹೊಟ್ಟೆ, ಭಾಷೆ ಈ ನಾಲ್ಕನ್ನೂ ವಿಚಾರಿಸಿರಿ. ನಾಲ್ಕೂ ಸರಿಯಾಗಿದ್ದು ಇನ್ನೂ ಹಿಂದೆ ಬಿದ್ದರೆ, ಆ ಮಗುವಿಗೆ ಹೆಚ್ಚು ಸಮಯವನ್ನೂ ಹೆಚ್ಚು ತಾಳ್ಮೆಯನ್ನೂ ಕೊಡುವದು ನಮ್ಮ ಸಾಲವೆಂದು ತಿಳಿಯಿರಿ.

ಆಲೋಚಿಸತಕ್ಕ ಪ್ರಶ್ನೆಗಳು

1. ಬಿನೇಯು ಯಾವ ಉದ್ದೇಶದಿಂದ ಪರೀಕ್ಷೆಯನ್ನು ಕಟ್ಟಿದನು? ಅದು ಹೇಗೆ ತಪ್ಪಾಗಿ ಉಪಯೋಗಿಸಲ್ಪಟ್ಟಿತು?

2. ಕಾಮತರ ಪರೀಕ್ಷೆಗೆ ಎರಡು ಭಾಷೆಗಳು ಯಾಕೆ ಬೇಕಾದವು? ನಿಮ್ಮ ಊರಿನ ಮಕ್ಕಳಿಗೆ ಮನೆಯ ಮಾತು ಯಾವದು, ಶಾಲೆಯ ಮಾತು ಯಾವದು?

3. ನಿಮ್ಮ ಮನೆಯಲ್ಲಿ ಉಪಯೋಗಿಸುವ ಉಪ್ಪಿನ ಚೀಲವನ್ನು ನೋಡಿರಿ. ಅದರ ಮೇಲೆ ಅಯೋಡೀನಿನ ಗುರುತು ಉಂಟೋ?

4. ನೀವು ಹಿಂದಿನ ಸಾಲಿನಲ್ಲಿ ಕೂರಿಸಿದ ಮಗು ಯಾವದು? ಈ ವಾರದಲ್ಲಿ ಅದನ್ನು ಮುಂದೆ ಕರೆಯುವಿರೋ?